ದೇವಿ ಮಹಾತ್ಮೆ ಯಕ್ಷಗಾನ ಆಟ ಲೈವ್ ಮಾಡ್ಲಿಕ್ಕೆ ಮೂರು ಕ್ಯಾಮೆರಾ ಬೇಕಾ? ಮೊದಲು ಚೆಂಡೆಯ ಲೆಕ್ಕ ಹಾಕಿ

ಪ್ರಶ್ನೆ: ನಮಸ್ಕಾರ ಸರ್. ನಮ್ದು ಬಂಟ್ವಾಳ ತಾಲೂಕಿನ ಒಂದು ಹಳ್ಳಿ. ಫೆಬ್ರವರಿಯಲ್ಲಿ ಶಾಲೆ ಹತ್ತಿರದ ಗದ್ದೆಯಲ್ಲಿ ಹತ್ತು ಸಮಸ್ತರ (ಊರಿನವರೆಲ್ಲ ಸೇರಿ ಆಡಿಸುವ) ಯಕ್ಷಗಾನ ಆಟ ಉಂಟು, ದೇವಿ ಮಹಾತ್ಮೆ, ಕಾಲಮಿತಿ, ಸಂಜೆ 6ಕ್ಕೆ ಶುರುವಾದ್ರೆ ರಾತ್ರಿ 1ರ ಹತ್ತಿರ ಮುಗೀತದೆ. ಊರಿನವರು ತುಂಬ ಜನ ದುಬೈ, ಮುಂಬೈ, ಬೆಂಗಳೂರಲ್ಲಿ ಇದ್ದಾರೆ, ಅವರಿಗೋಸ್ಕರ ಯೂಟ್ಯೂಬಲ್ಲಿ ಲೈವ್ ಮಾಡ್ಬೇಕು. ಕಳೆದ ವರ್ಷ ಒಬ್ಬರು ಮೊಬೈಲಲ್ಲಿ ಮಾಡಿದ್ರು, ಪದ ಹಾಡುವ ಭಾಗವತರ ಸ್ವರ ಪೂರ್ತಿ ಗರಗರ, ವೇಷದವರ ಮುಖ ಬಿಳಿ ಬಿಳಿ, 9 ಗಂಟೆ ಮೇಲೆ ನಿಂತು ನಿಂತು ಬರ್ತಿತ್ತು. ಈ ಸಲ ಮೂರು ಫೋರ್‌ಕೆ ಕ್ಯಾಮೆರಾ ಬಾಡಿಗೆಗೆ ತರುವ ಅಂತ ಯುವಕ ಮಂಡಲದಲ್ಲಿ ಮಾತಾಗಿದೆ. ಸೌಂಡ್ ಮೈಕ್‌ನವರ ಮಿಕ್ಸರಿಂದ ತಗೊಂಡ್ರೆ ಸಾಕಲ್ವಾ? ಲೈಟ್ ಬೇರೆ ಹಾಕ್ಬೇಕಾ? ಕ್ಯಾಮೆರಾ ಎಲ್ಲಿ ಇಡುದು?

ಉತ್ತರ: ಮೂರನೇ ಕ್ಯಾಮೆರಾ ಬೇಡ. ಆ ದುಡ್ಡನ್ನ ತೆಗೆದು ಬದಿಗಿಡಿ, ಅದು ಸೌಂಡಿಗೆ ಮತ್ತೆ ಎದುರಿನ ಎರಡು ಲೈಟಿಗೆ ಬೇಕಾಗ್ತದೆ. ಫೋರ್‌ಕೆಯೂ ಬೇಡ, ನೀವು ಕಳಿಸುದು ಹೆಚ್ಚೆಂದ್ರೆ 1080, ನೋಡುವವರಲ್ಲಿ ಹೆಚ್ಚಿನವರು ಕೈಯಲ್ಲಿ ಫೋನ್ ಹಿಡ್ಕೊಂಡೇ ನೋಡುದು. ನಾನು ಕೆಲವು ತಿರುಗಾಟಗಳಿಂದ (ಮೇಳ, ಅಂದ್ರೆ ಯಕ್ಷಗಾನ ತಂಡ, ವರ್ಷ ವರ್ಷ ಹೊರಡುವ ಸೀಸನ್) ಇದೇ ಕೆಲಸ ಮಾಡ್ತಾ ಬಂದವ, ಒಂದು ಮಾತು ಮೊದಲೇ ಹೇಳಿಬಿಡ್ತೇನೆ: ಗದ್ದೆಯಲ್ಲಿ ಎದುರು ಕೂತವರಿಗೆ ಸರಿ ಇದ್ದದ್ದು ಮನೆಯಲ್ಲಿ ಕೂತವರಿಗೆ ಸರಿ ಇರುದಿಲ್ಲ. ಮೈಕ್‌ನವರು ಮಾಡುವ ಸೌಂಡ್ ಗದ್ದೆಗೆ, ಲೈಟಿನವರು ಹಾಕುವ ಬೆಳಕು ಬರಿಗಣ್ಣಿಗೆ. ದುಬೈಯಲ್ಲಿ ಕೂತವನಿಗೆ ಎರಡನ್ನೂ ಬೇರೆಯಾಗೇ ಲೆಕ್ಕ ಹಾಕ್ಬೇಕು.

ಸೌಂಡಿಂದಲೇ ಶುರು ಮಾಡುವ, ಯಾಕಂದ್ರೆ ಚಿತ್ರ ಸ್ವಲ್ಪ ಮಸುಕಾದ್ರೂ ಜನ ನೋಡ್ತಾರೆ, ಭಾಗವತರ ಪದ ಮತ್ತೆ ಅರ್ಥ, ಅಂದ್ರೆ ವೇಷದವರ ಮಾತು, ಕೇಳದಿದ್ರೆ ಎರಡು ನಿಮಿಷದಲ್ಲಿ ಬಂದ್ ಮಾಡ್ತಾರೆ.

ಕಳೆದ ವರ್ಷ ಗರಗರ ಬಂದದ್ದು ಭಾಗವತರ ತಪ್ಪೂ ಅಲ್ಲ ಮೈಕ್‌ನವರ ತಪ್ಪೂ ಅಲ್ಲ. ಫೋನಿನ ಮೈಕ್ ಮಾತಾಡ್ಲಿಕ್ಕೆ ಇರುವಂಥದ್ದು, ಅದರಲ್ಲಿ ಸ್ವರ ಏರಿಸುದು ಇಳಿಸುದು ಎಲ್ಲಾ ಅದೇ ಮಾಡ್ಕೊಳ್ತದೆ, ಸ್ಪೀಕರ್ ಬಾಕ್ಸಿನ ಎದುರು ಇಟ್ಟು ಮೇಲಿಂದ ಚೆಂಡೆ ಬಿದ್ರೆ ಅದು ತಡ್ಕೊಳ್ಳುದಿಲ್ಲ, ಒಡೀತದೆ. ಒಮ್ಮೆ ಒಡೆದ ಸ್ವರವನ್ನ ಮತ್ತೆ ಯಾರಿಗೂ ಸರಿ ಮಾಡ್ಲಿಕ್ಕೆ ಆಗುದಿಲ್ಲ.

ಹಾಗಾದ್ರೆ ಮಿಕ್ಸರಿಂದ ಒಂದು ವಯರ್ ಎಳೆದ್ರೆ ಮುಗೀತಲ್ವಾ ಅಂತ ನೀವು ಕೇಳಿದ್ರಿ. ನಾನೂ ಮೊದಮೊದಲು ಹಾಗೇ ಮಾಡಿದ್ದು. ಒಂದು ಆಟದಲ್ಲಿ ಮಿಕ್ಸರಿನ ರೆಕಾರ್ಡ್ ಔಟಿಂದ ನೇರ ತಗೊಂಡೆ, ಭಾಗವತರ ಪದ ಚಂದ ಬರ್ತಾ ಇತ್ತು, ಅರ್ಥ ಸ್ಪಷ್ಟ, ನನಗೆ ಖುಷಿಯೋ ಖುಷಿ. ರಾತ್ರಿ 9ರ ಸುಮಾರಿಗೆ ಮುಂಬೈಯಿಂದ ಒಬ್ಬರು ಹಿರಿಯರು ಫೋನ್ ಮಾಡಿ, ಇವತ್ತು ಚೆಂಡೆಯವರು ಬರ್ಲಿಲ್ವಾ ಅಂತ ಕೇಳಿದ್ರು. ನನ್ನ ಕಿವಿಗೆ ಚೆಂಡೆ ಕೇಳ್ತಾ ಉಂಟು, ಯಾಕಂದ್ರೆ ನಾನು ರಂಗಸ್ಥಳದಿಂದ ಮೂವತ್ತು ಅಡಿ ದೂರದಲ್ಲೇ ಕೂತಿದ್ದೆ, ಹೆಡ್‌ಫೋನ್ ಹಾಕಿದ್ರೂ ಚೆಂಡೆ ಹೊರಗಿಂದಲೇ ಬರ್ತಿತ್ತು. ಲೈವಲ್ಲಿ ಅದು ಇರ್ಲೇ ಇಲ್ಲ! ವಿಷಯ ಎಂತ ಅಂದ್ರೆ, ಚೆಂಡೆಗೆ ಗದ್ದೆಯಲ್ಲಿ ಮೈಕೇ ಬೇಡ, ಅದರ ಸ್ವರ ಹಾಗೇ ಊರಾಚೆಗೆ ಕೇಳ್ತದೆ, ಆದ್ದರಿಂದ ಮೈಕ್‌ನವರು ಅದಕ್ಕೆ ಮೈಕ್ ಇಡುದೇ ಇಲ್ಲ, ಇಟ್ರೂ ಫೇಡರ್ (ಸ್ವರ ಏರಿಸಿ ಇಳಿಸುವ ಜಾರುಗುಂಡಿ) ಪೂರಾ ಕೆಳಗೆ. ಗದ್ದೆಯ ಮಟ್ಟಿಗೆ ಅವರು ಮಾಡಿದ್ದು ನೂರಕ್ಕೆ ನೂರು ಸರಿ. ಆದ್ರೆ ಮಿಕ್ಸರ್ ಒಳಗೆ ಇಲ್ಲದ ಚೆಂಡೆ ನಿಮ್ಮ ವಯರಿಗೆ ಎಲ್ಲಿಂದ ಬರ್ಬೇಕು?

ಇದಕ್ಕೆ ದಾರಿ ಹೀಗೆ. ಆಟಕ್ಕೆ ಒಂದು ವಾರ ಮೊದಲೇ ಮೈಕ್‌ನವರ ಹತ್ತಿರ ಹೋಗಿ, ಆಟದ ದಿವಸ ಸಂಜೆ 5ಕ್ಕೆ ಅಲ್ಲ, ಆಗ ಅವರಿಗೆ ತಲೆ ತುರಿಸ್ಲಿಕ್ಕೂ ಪುರುಸೊತ್ತಿರುದಿಲ್ಲ. ಅವರ ಮಿಕ್ಸರಲ್ಲಿ ಆಕ್ಸ್, ಅಂದ್ರೆ ಬೇಕಾದ ಮೈಕ್ ಮಾತ್ರ ಸೇರಿಸಿ ಬೇರೆಯಾಗಿ ಹೊರಗೆ ಕಳಿಸುವ ಲೈನ್, ಎಷ್ಟು ಉಂಟು ಅಂತ ಕೇಳಿ. ಎರಡು ಬಿಟ್ಟುಕೊಟ್ರೆ ನಿಮ್ಮ ಅರ್ಧ ಚಿಂತೆ ಕಳೀತು. ಒಂದು ಆಕ್ಸ್ ಪ್ರೀ-ಫೇಡರ್ ಆಗಿರ್ಲಿ, ಅದರಲ್ಲಿ ಹಿಮ್ಮೇಳ ಮಾತ್ರ, ಅಂದ್ರೆ ಭಾಗವತರು, ಮದ್ದಳೆ, ಶ್ರುತಿ, ಮತ್ತೆ ನೀವೇ ಕೊಟ್ಟು ಇಡಿಸುವ ಚೆಂಡೆ ಮೈಕ್. ಪ್ರೀ-ಫೇಡರ್ ಆದ್ರಿಂದ ಅವರು ಗದ್ದೆಗೆ ಚೆಂಡೆಯ ಫೇಡರ್ ಸೊನ್ನೆಯಲ್ಲಿ ಇಟ್ರೂ ನಿಮಗೆ ಬರ್ತದೆ. ಇನ್ನೊಂದು ಆಕ್ಸ್ ಪೋಸ್ಟ್-ಫೇಡರ್, ಅಂದ್ರೆ ಅವರು ಫೇಡರ್ ಏರಿಸಿ ಇಳಿಸಿದ ಹಾಗೇ ಬರುವಂಥದ್ದು, ಅದರಲ್ಲಿ ಮುಮ್ಮೇಳ, ಅಂದ್ರೆ ವೇಷದವರ ಮಾತು ಹಿಡಿಯುವ, ರಂಗಸ್ಥಳದ ಮೇಲಿಂದ ಇಳಿಬಿಟ್ಟ ಮೈಕುಗಳು. ಇದು ಯಾಕೆ ಪೋಸ್ಟ್ ಅಂದ್ರೆ, ಆ ತೂಗುವ ಮೈಕುಗಳು ಅರ್ಥ ಹೇಳುವಾಗ ಮಾತ್ರ ತೆರೆದಿರ್ಬೇಕು. ಕುಣಿತದ ಹೊತ್ತಿಗೂ ತೆರೆದಿದ್ರೆ ದೂರದಿಂದ ಚೆಂಡೆಯನ್ನೇ ಹಿಡ್ಕೊಂಡು ಬಾವಿಯೊಳಗೆ ಬಾರಿಸಿದ ಹಾಗೆ ಮಾಡ್ತವೆ. ಅನುಭವ ಇರುವ ಮೈಕ್‌ನವರು ಪದ ಶುರುವಾದ ಕೂಡ್ಲೇ ಅದನ್ನ ಇಳಿಸ್ತಾರೆ, ಅರ್ಥ ಶುರುವಾಗುವಾಗ ಏರಿಸ್ತಾರೆ, ಅವರ ಕೈಯ ಆ ಅಭ್ಯಾಸ ನಿಮಗೂ ಸಿಗ್ಲಿ.

ಈ ಎರಡು ಲೈನ್ ನಿಮ್ಮದೇ ಒಂದು ಸಣ್ಣ ನಾಲ್ಕು ಚಾನೆಲ್ ಮಿಕ್ಸರಿಗೆ ಬರ್ಲಿ. ಉಳಿದ ಎರಡರಲ್ಲಿ ಜನರ ಕಡೆ ಮುಖ ಮಾಡಿದ ಎರಡು ಮೈಕ್, ಚಪ್ಪಾಳೆಗೆ, ಗದ್ದೆಯ ಗೌಜಿಗೆ. ಜನರ ಸದ್ದು ಸ್ವಲ್ಪವೂ ಇಲ್ಲದ ಆಟ ರೇಡಿಯೋ ತಾಳಮದ್ದಳೆಯ ಹಾಗೆ ಆಗ್ತದೆ, ತೀರಾ ಹೆಚ್ಚಾದ್ರೆ ಹತ್ತಿರ ಕೂತವರ ಕುಟುಂಬದ ಸುದ್ದಿ ಎಲ್ಲಾ ದುಬೈಗೆ ಹೋಗ್ತದೆ, ಹಾಗಾಗಿ ಹದ ನೋಡಿ. ಹಿಮ್ಮೇಳ ಮುಮ್ಮೇಳ ಎರಡರ ಪ್ಯಾನ್ ಗುಂಡಿಯೂ ನಡುವಿನಲ್ಲೇ ಇರ್ಲಿ. ಇಲ್ಲದಿದ್ರೆ ಇಯರ್‌ಫೋನ್ ಹಾಕಿ ಕೇಳುವವರಿಗೆ ಎಡಗಿವಿಯಲ್ಲಿ ಭಾಗವತರು, ಬಲಗಿವಿಯಲ್ಲಿ ಮಹಿಷಾಸುರ.

ಚೆಂಡೆಗೆ ಮೈಕ್ ಎಲ್ಲಿ ಇಡುದು? ಹತ್ತಿರ ಬೇಡ. ಕೋಲು ಬೀಳುವ ಮುಖದಿಂದ ಎರಡು-ಮೂರು ಅಡಿ ಆಚೆ, ಸಾಧಾರಣ ಡೈನಮಿಕ್ ಮೈಕ್ ಸಾಕು. ಚಕ್ರತಾಳ ಪಕ್ಕದಲ್ಲೇ ಇರ್ತದೆ, ಭಾಗವತರ ಜಾಗಟೆ ಬೇರೆ, ಇವೆಲ್ಲ ತುಂಬ ಚೂಪು ಸ್ವರ, ಮೈಕ್ ಅವುಗಳ ಕಡೆ ಮುಖ ಮಾಡದ ಹಾಗೆ ತಿರುಗಿಸಿ. ಹಿಮ್ಮೇಳ ಎಲ್ಲಿ ಹೇಗೆ ಕೂರ್ತಾರೆ ಅಂತ ಮೇಳದವರ ಹತ್ತಿರ ಮೊದಲೇ ಕೇಳಿಕೊಳ್ಳಿ, ಅವರ ಒಪ್ಪಿಗೆ ಇಲ್ಲದೆ ಚೆಂಡೆಯ ಹತ್ತಿರ ಸ್ಟ್ಯಾಂಡ್ ತಂದು ನಿಲ್ಲಿಸ್ಬೇಡಿ.

ಲೆವೆಲ್ ಹಿಡಿಯುದು ಯಾವಾಗ? ಆಟಕ್ಕೆ ರಿಹರ್ಸಲ್ ಅಂತ ಇಲ್ಲ, ನಿಮಗೆ ಸಿಗುದು ‘ಕೇಳಿ’ ಬಾರಿಸುವ ಹೊತ್ತು ಒಂದೇ, ಅಂದ್ರೆ ಆಟ ಶುರುವಾಗುವ ಮೊದಲು ಚೆಂಡೆ ಮದ್ದಳೆ ಬಾರಿಸುವ ಹೊತ್ತು. ಆಗ ಚೆಂಡೆ ಪೂರ್ತಿ ಬಿಸಿಯಲ್ಲಿ ಇರ್ತದೆ, ಆ ಅಬ್ಬರಕ್ಕೆ ನಿಮ್ಮ ಮೀಟರ್ ಮೈನಸ್ 10 ಡಿಬಿ ಆಸುಪಾಸಲ್ಲಿ ನಿಲ್ಲುವ ಹಾಗೆ ಇಟ್ಕೊಳ್ಳಿ, ಮೇಲೆ ಜಾಗ ಖಾಲಿ ಇರ್ಲಿ. ಇದು ತುಂಬ ಕಡಿಮೆಯಾಯ್ತು ಅಂತ ಅನ್ನಿಸ್ತದೆ, ಅನ್ನಿಸ್ಲಿ, ಮುಂದೆ ಗರ್ನಾಲು ಪಟಾಕಿ ಹೊಡೆಯುವವರು ಇದ್ದಾರೆ, ಜನರ ಬೊಬ್ಬೆ ಉಂಟು. ಕೊನೆಗೆ ಸ್ವರ ಒಂದು ಮಟ್ಟ ಮೀರದ ಹಾಗೆ ತಡೆಯುವ ಲಿಮಿಟರ್ ಹಾಕಿ, ಲೈವ್ ಕಳಿಸುವ ಸಾಫ್ಟ್‌ವೇರ್ ಒಬಿಎಸ್‌ನಲ್ಲೇ ಫಿಲ್ಟರ್ ಆಗಿ ಸಿಗ್ತದೆ.

ಸೌಂಡ್ ನೋಡುವವ ಒಬ್ಬನೇ ಇರ್ಬೇಕು, ಅವನಿಗೆ ಬೇರೆ ಕೆಲಸ ಕೊಡ್ಬೇಡಿ, ಮತ್ತೆ ಅವನನ್ನ ರಂಗಸ್ಥಳದ ಹತ್ತಿರ ಕೂರಿಸ್ಬೇಡಿ. ಹತ್ತಿರದ ಮನೆಯ ಜಗಲಿಯೋ ಶಾಲೆಯ ಒಂದು ಕೋಣೆಯೋ ಇದ್ರೆ ಅಲ್ಲಿ ಕೂರ್ಲಿ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕ್ಲಿ. ಚೆಂಡೆ ನೇರ ಕಿವಿಗೆ ಬೀಳುವ ಜಾಗದಲ್ಲಿ ಕೂತು ಚೆಂಡೆಯ ಲೆವೆಲ್ ನೋಡ್ಲಿಕ್ಕೆ ಯಾರಿಂದಲೂ ಆಗುದಿಲ್ಲ, ನನ್ನಿಂದ ಆಗ್ಲಿಲ್ಲ. ನಡುನಡುವೆ ಹೆಡ್‌ಫೋನ್ ತೆಗೆದು ಒಂದು ಸಾದಾ ಫೋನಲ್ಲಿ ಲೈವ್ ಹಾಕಿ ಕೇಳ್ಲಿ, ಯಾಕಂದ್ರೆ ಮದ್ದಳೆಯ ಆ ಗುಂ ಅನ್ನುವ ಸ್ವರ ಫೋನಿನ ಸ್ಪೀಕರಲ್ಲಿ ಬರುದೇ ಇಲ್ಲ, ಅದನ್ನ ಸ್ವಲ್ಪ ಮುಂದೆ ತರ್ಬೇಕಾಗ್ತದೆ.

ಮಿಕ್ಸರಿಂದ ಜಗಲಿಗೆ ಎಳೆಯುವ ವಯರ್ ಮೈಕಿಗೆ ಹಾಕುವ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಆಗಿರ್ಬೇಕು, ನೂರು-ನೂರೈವತ್ತು ಅಡಿ ಆದ್ರೂ ತೊಂದ್ರೆ ಇಲ್ಲ. ಆಡಿಯೋ ಅಂಗಡಿಯಲ್ಲಿ ಸಿಗುವ ಸಪೂರ 3.5 ಎಂಎಂ ಪಿನ್ನಿನ ವಯರನ್ನ ಅಷ್ಟುದ್ದ ಎಳೆದ್ರೆ ಜುಂ ಅಂತ ಕರೆಂಟಿನ ಸ್ವರ ಬರ್ತದೆ. ಎಕ್ಸ್‌ಎಲ್‌ಆರ್ ಹಾಕಿದ ಮೇಲೂ ಜುಂ ಬಂದ್ರೆ ನಡುವಲ್ಲಿ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಹಾಕಿ. ಪ್ಲಗ್ಗಿನ ಅರ್ಥ್ ಪಿನ್ ಕಿತ್ತು ಜುಂ ನಿಲ್ಲಿಸುವವರು ಇದ್ದಾರೆ, ದಯವಿಟ್ಟು ಅದನ್ನ ಮಾಡ್ಬೇಡಿ, ಗದ್ದೆಯ ನೆಲ, ರಾತ್ರಿಯ ಮಂಜು, ಬರಿಗಾಲಿನ ಕಲಾವಿದರು, ಜೀವಕ್ಕೇ ಅಪಾಯ.

ಇನ್ನೊಂದು ಉಂಟು. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧ ಉಂಟು, ವರ್ಷಕ್ಕೆ ಹದಿನೈದು ದಿನದ ಒಳಗೆ ಸರ್ಕಾರ ರಾತ್ರಿ 12ರ ವರೆಗೆ ವಿನಾಯಿತಿ ಕೊಡ್ಬಹುದು ಅಷ್ಟೆ. ನಿಮ್ಮ ಆಟ 1ರ ತನಕ ಅಂತ ಹೇಳಿದ್ರಿ, ಅನುಮತಿ ವಿಷಯ ಸಮಿತಿಯವರು ಮೊದಲೇ ನೋಡ್ಕೊಳ್ಳಿ. ನನ್ನ ಕೆಲಸಕ್ಕೆ ಸಂಬಂಧಪಟ್ಟದ್ದು ಇಷ್ಟು: 10 ಗಂಟೆ ಆದ ಕೂಡ್ಲೇ ಮೈಕ್‌ನವರು ಮೈನ್, ಅಂದ್ರೆ ಗದ್ದೆಯ ಸ್ಪೀಕರಿಗೆ ಹೋಗುವ ಒಟ್ಟು ಸ್ವರ, ಇಳಿಸ್ತಾರೆ. ಮೈನ್ ಔಟಿಂದ ಸೌಂಡ್ ತಗೊಂಡಿದ್ರೆ ನಿಮ್ಮ ಲೈವೂ ಆ ಕ್ಷಣಕ್ಕೆ ಕುಗ್ಗಿ ಹೋಗ್ತದೆ. ಆಕ್ಸಿಂದ ತಗೊಂಡವರಿಗೆ ಆ ಕಷ್ಟ ಇಲ್ಲ, ಗದ್ದೆಯಲ್ಲಿ ಸ್ಪೀಕರ್ ಮೆಲ್ಲ ಆದ್ರೂ ದುಬೈಯವನಿಗೆ ಪೂರ್ತಿ ಸ್ವರ.

ಈಗ ಬೆಳಕು. ಮುಖ ಬಿಳಿ ಬಿಳಿ ಬಂತು ಅಂದ್ರಲ್ಲ, ಅದು ಲೈಟ್ ಹೆಚ್ಚಾಗಿ ಅಲ್ಲ. ಹಿಂದೆ ಕತ್ತಲೆಯ ಗದ್ದೆ, ನಡುವೆ ಬೆಳಗುವ ಸಣ್ಣ ರಂಗಸ್ಥಳ, ಫೋನ್ ಇಡೀ ಚಿತ್ರದ ಸರಾಸರಿ ನೋಡಿ ಓ ಕತ್ತಲೆ ಉಂಟು ಅಂತ ಎಲ್ಲವನ್ನೂ ಏರಿಸಿಬಿಡ್ತದೆ, ಮುಖ ಸುಟ್ಟುಹೋಗ್ತದೆ. ಅದಕ್ಕೆ ಕ್ಯಾಮೆರಾದಲ್ಲಿ ಆಟೋ ಅಂತ ಎಂತ ಉಂಟೋ ಎಲ್ಲ ತೆಗೀರಿ: ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್, ಐಎಸ್‌ಒ. ಫ್ರೇಮ್ 25, ಶಟರ್ 50ರಲ್ಲಿ ಒಂದು, ನಮ್ಮ ಕರೆಂಟ್ 50 ಹರ್ಟ್ಸ್ ಆದ್ರಿಂದ ಈ ಜೋಡಿಯಲ್ಲಿ ಲೈಟ್ ಮಿಣಮಿಣ ಮಾಡುದು ಕಡಿಮೆ. ಧಿಗಿಣ (ಗಿರಗಿರ ತಿರುಗುತ್ತಾ ಹಾರುವ ಕುಣಿತ) ಹಾರುವಾಗ ತುಂಬ ಮಸುಕಾಗ್ತದೆ ಅನ್ನಿಸಿದ್ರೆ 100ರಲ್ಲಿ ಒಂದಕ್ಕೆ ಹೋಗಿ, ಅದಕ್ಕೆ ಬೆಳಕು ಎರಡರಷ್ಟು ಬೇಕು. 30 ಫ್ರೇಮ್, 60ರಲ್ಲಿ ಒಂದು ಇಟ್ರೆ ಕೆಲವು ಟ್ಯೂಬು, ಎಲ್‌ಇಡಿಗಳ ಕೆಳಗೆ ಚಿತ್ರದಲ್ಲಿ ಪಟ್ಟೆ ಪಟ್ಟೆ ಓಡ್ತದೆ. ವೈಟ್ ಬ್ಯಾಲೆನ್ಸಿಗೆ ದೊಡ್ಡ ವಿದ್ಯೆ ಬೇಡ, ರಂಗಸ್ಥಳದ ನಡುವೆ ಯಾರಾದ್ರೂ ಒಂದು ಬಿಳಿ ಪಂಚೆ ಬಿಡಿಸಿ ಹಿಡೀಲಿ, ಬಣ್ಣದ ಲೈಟ್ ಎಲ್ಲ ಆರಿಸಿ ಬಿಳಿ ಲೈಟ್ ಮಾತ್ರ ಇಟ್ಟು ಅದಕ್ಕೆ ಸೆಟ್ ಮಾಡಿ, ಮತ್ತೆ ಮುಟ್ಬೇಡಿ, ಎರಡೂ ಕ್ಯಾಮೆರಾಕ್ಕೆ ಅದೇ ಹೊತ್ತಿಗೆ ಅದೇ ಪಂಚೆ.

ಲೈಟ್ ಬೇರೆ ಹಾಕ್ಬೇಕಾ ಅಂದ್ರೆ, ಹೌದು, ಎರಡು ಹಾಕ್ಬೇಕು, ಕಾರಣ ಕಿರೀಟ. ರಂಗಸ್ಥಳದ ಲೈಟುಗಳು ಹೆಚ್ಚಾಗಿ ಚಪ್ಪರದ ಮೇಲಿನ ಅಡ್ಡಪಟ್ಟಿಗೆ ಕಟ್ಟಿರ್ತವೆ, ಬೆಳಕು ನೆತ್ತಿಯ ಮೇಲಿಂದ ಬೀಳ್ತದೆ. ಕಿರೀಟ ಇಟ್ಟ ವೇಷದ ಹಣೆಯಿಂದ ಮೂಗಿನ ತನಕ ನೆರಳು. ಕಣ್ಣು ಇರುದೇ ಆ ನೆರಳಲ್ಲಿ. ಎದುರು ಕೂತವರ ಕಣ್ಣು ಅಷ್ಟು ಕತ್ತಲೆಯಲ್ಲೂ ಹುಡುಕಿ ನೋಡ್ತದೆ, ಕ್ಯಾಮೆರಾಕ್ಕೆ ಆ ಶಕ್ತಿ ಇಲ್ಲ, ಅಲ್ಲಿ ಎರಡು ಕಪ್ಪು ಗುಳಿ ಮಾತ್ರ ಕಾಣ್ತದೆ. ಹಿಂದೆ ದೊಂದಿ, ಗ್ಯಾಸ್‌ಲೈಟ್ ಇದ್ದ ಕಾಲದಲ್ಲಿ ಬೆಳಕು ಮುಖದ ಎತ್ತರದಿಂದ ಬರ್ತಿತ್ತು, ಈ ಮುಖವರ್ಣಿಕೆ ಬೆಳೆದದ್ದು ಅಂಥ ಬೆಳಕಿನಲ್ಲಿ. ಹಾಗಾಗಿ ಎದುರಿಂದ, ಎಡಕ್ಕೊಂದು ಬಲಕ್ಕೊಂದು, ಸುಮಾರು 45 ಡಿಗ್ರಿ ಓರೆಯಲ್ಲಿ, ನೆಲದಿಂದ ಹತ್ತು-ಹನ್ನೆರಡು ಅಡಿ ಎತ್ತರದ ಕಂಬಕ್ಕೆ ಬಿಳಿ ಎಲ್‌ಇಡಿ ಕಟ್ಟಿಸಿ. ಇನ್ನೂ ಕೆಳಗೆ ಇಟ್ರೆ ಕಲಾವಿದರ ಕಣ್ಣಿಗೆ ಹೊಡೀತದೆ, ಪಾಪ ಅವರು ಧಿಗಿಣದಲ್ಲಿ ನೆಲ ಎಲ್ಲಿ ಅಂತ ನೋಡ್ಬೇಕು. ಪರೀಕ್ಷೆಗೆ ಮೇಳದ ಕಿರೀಟ ಕೇಳ್ಲಿಕ್ಕೆ ಹೋಗ್ಬೇಡಿ, ಮಂಡಲದ ಒಬ್ಬ ಹುಡುಗನ ತಲೆಗೆ ಅಗಲದ ಒಂದು ಹ್ಯಾಟೋ ದೊಡ್ಡ ಮುಟ್ಟಾಳೆಯೋ ಇಟ್ಟು ಹಣೆ ಮೇಲೆ ಸ್ವಲ್ಪ ಮುಂದೆ ಎಳೆದು ರಂಗಸ್ಥಳದಲ್ಲಿ ನಿಲ್ಲಿಸಿ, ಕ್ಯಾಮೆರಾದಲ್ಲಿ ಅವನ ಕಣ್ಣಿನ ಬಿಳಿ ಕಾಣುವ ತನಕ ಲೈಟ್ ಮೇಲೆ ಕೆಳಗೆ ಮಾಡಿ. ಕಂಡ ಜಾಗಕ್ಕೆ ಕಟ್ಟಿ.

ಬಣ್ಣದ ಲೈಟ್ ಬಗ್ಗೆ ಲೈಟಿನವರ ಹತ್ತಿರ ಸ್ವಲ್ಪ ನಯವಾಗಿ ಮಾತಾಡ್ಬೇಕು. ರಾಕ್ಷಸ ಬಂದ ಕೂಡ್ಲೇ ಪೂರ್ತಿ ಕೆಂಪು ಹಾಕುದು ಈಗ ಅಭ್ಯಾಸ ಆಗಿದೆ. ಬಣ್ಣದ ವೇಷದವರು, ಅಂದ್ರೆ ರಾಕ್ಷಸ ವೇಷದವರು, ಗಂಟೆಗಟ್ಟಲೆ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಕೂತು ಮುಖದ ಮೇಲೆ ಮುಳ್ಳಿನ ಹಾಗೆ ಕಾಣುವ ಅಕ್ಕಿಹಿಟ್ಟು, ಸುಣ್ಣದ ಚುಟ್ಟಿ ಒಂದೊಂದಾಗಿ ಇಟ್ಟಿರ್ತಾರೆ, ಬರೀ ಕೆಂಪು ಎಲ್‌ಇಡಿ ಬಿದ್ರೆ ಕ್ಯಾಮೆರಾದಲ್ಲಿ ಅದೆಲ್ಲ ಒಂದೇ ಕೆಂಪು ಮುದ್ದೆ. ಬಿಳಿ ಆರಿಸಿ ಕೆಂಪು ಹಾಕುದು ಬೇಡ, ಎದುರಿನ ಎರಡು ಬಿಳಿ ಯಾವಾಗ್ಲೂ ಇರ್ಲಿ, ಕೆಂಪು ನೀಲಿ ಎಲ್ಲ ಹಿಂದಿನಿಂದ, ಬದಿಯಿಂದ ಬರ್ಲಿ ಅಂತ ಕೇಳಿಕೊಳ್ಳಿ. ಎಕ್ಸ್‌ಪೋಶರ್ ಸರಿ ಉಂಟಾ ಅಂತ ನೋಡ್ಲಿಕ್ಕೆ ನನ್ನ ಲೆಕ್ಕ ಒಂದೇ: ಹತ್ತಿರದ ಶಾಟಲ್ಲಿ ಚುಟ್ಟಿಯ ಮುಳ್ಳು ಒಂದಕ್ಕೊಂದು ಬೇರೆ ಬೇರೆ ಕಾಣ್ಬೇಕು. ಒಂದಕ್ಕೊಂದು ಸೇರಿ ಬಿಳಿ ಗೋಡೆ ಆಯ್ತು ಅಂದ್ರೆ ಬೆಳಕು ಹೆಚ್ಚಾಯ್ತು, ಇಳಿಸಿ.

ಕ್ಯಾಮೆರಾ ಎರಡು ಸಾಕು ಅಂದೆ. ಮೊದಲನೆಯದ್ದು ನಟ್ಟನಡುವೆ, ರಂಗಸ್ಥಳದಿಂದ ಸುಮಾರು 40 ಅಡಿ ಹಿಂದೆ, ನಾಲ್ಕಡಿ ಎತ್ತರದ ಗಟ್ಟಿ ಅಟ್ಟದ ಮೇಲೆ. ಕಿರೀಟದ ತುದಿಯಿಂದ ಗೆಜ್ಜೆಯ ತನಕ ಇಡೀ ರಂಗಸ್ಥಳ ಹಿಡಿದು ಬೀಗ ಹಾಕಿದ ಹಾಗೆ ಇಟ್ಟುಬಿಡಿ. ಇಪ್ಪತ್ತಡಿ ಅಗಲದ ರಂಗಸ್ಥಳ, 40 ಅಡಿ ದೂರ, ಎಪಿಎಸ್-ಸಿ ಸೆನ್ಸರ್ ಅಂದ್ರೆ 45-50 ಎಂಎಂ ಲೆನ್ಸಿಗೆ ಸರಿಯಾಗಿ ಕೂರ್ತದೆ. ಎರಡನೇದ್ದು ಅದರ ಪಕ್ಕದಲ್ಲೇ, ಝೂಮ್ ಲೆನ್ಸ್ ಇರುವಂಥದ್ದು, ಒಬ್ಬ ಮನುಷ್ಯ ಪೂರ್ತಿ ಹೊತ್ತು ಹಿಡ್ಕೊಂಡಿರ್ಬೇಕು. ಆ ಮನುಷ್ಯ ಕ್ಯಾಮೆರಾ ಕಲಿತವ ಆಗುದಕ್ಕಿಂತ ಆಟ ನೋಡಿ ಬೆಳೆದವ ಆಗಿರ್ಬೇಕು. ಕ್ಯಾಮೆರಾ ಎರಡು ದಿನದಲ್ಲಿ ಕಲಿಸ್ಬಹುದು. ಭಾಗವತರು ಪದದ ಕೊನೆ ಸಾಲು ಎತ್ತುವಾಗ ಇನ್ನು ಅರ್ಥ ಯಾರದ್ದು ಅಂತ ಗೊತ್ತಿರುದು, ದೇವಿ ಬರುವ ಮೊದಲು ಚೆಂಡೆ ಹೇಗೆ ಬದಲಾಗ್ತದೆ ಅಂತ ಕಿವಿಗೆ ತಿಳಿಯುದು, ಅದನ್ನ ಎರಡು ದಿನದಲ್ಲಿ ಕಲಿಸ್ಲಿಕ್ಕಾಗುದಿಲ್ಲ. ನಿಮ್ಮೂರಲ್ಲಿ ಅಂಥ ಹುಡುಗರು, ಹುಡುಗಿಯರು ಖಂಡಿತ ಇದ್ದಾರೆ, ಅವರನ್ನ ಹುಡುಕಿ.

ಧಿಗಿಣ ಬಂದ ಕೂಡ್ಲೇ ದೊಡ್ಡ ಶಾಟಿಗೆ ಹೋಗಿ, ಕಾಲು ಕಾಣದ ಧಿಗಿಣ ನೋಡಿ ಎಂತ ಪ್ರಯೋಜನ. ಅರ್ಥಗಾರಿಕೆಗೆ ಸೊಂಟದಿಂದ ಮೇಲೆ, ಕೈಯೂ ಸೇರ್ಲಿ, ಬರೀ ಮುಖಕ್ಕೆ ಹೋಗ್ಬೇಡಿ, ಕಿರೀಟ ಅರ್ಧ ಕಡಿದು ಹೋಗ್ತದೆ. ಚೆಂಡೆಯ ಪೆಟ್ಟಿಗೊಂದು ಸಲ ಶಾಟ್ ಬದಲಾಯಿಸುವ ಚಾಳಿ ಬೇಡವೇ ಬೇಡ, ಮನೆಯಲ್ಲಿ ನೋಡುವ ಅಜ್ಜ ಅಜ್ಜಿಗೆ ತಲೆ ತಿರುಗ್ತದೆ. ಹಿಮ್ಮೇಳಕ್ಕೆ ಒಂದು ಹಳೇ ಫೋನನ್ನ ಕಂಬಕ್ಕೆ ಕಟ್ಟಿದ್ರೂ ಆಗ್ತದೆ, ಪೀಠಿಕೆಯ ಪದಕ್ಕೆ ಒಮ್ಮೆ ತೋರಿಸ್ಲಿಕ್ಕೆ.

ಕ್ಯಾಮೆರಾದ ಎಚ್‌ಡಿಎಂಐ ವಯರ್ ಹತ್ತು ಮೀಟರ್ ಒಳಗೆ ಇರ್ಲಿ, ಜಗಲಿ ದೂರ ಆದ್ರೆ ಎಸ್‌ಡಿಐ ಕನ್ವರ್ಟರ್ ಹಾಕಿ ಎಳೀರಿ, ಅದು ಎಂಬತ್ತು-ನೂರು ಮೀಟರಿಗೂ ತಾಳ್ತದೆ. ಬ್ಯಾಟರಿಯಲ್ಲಿ ಏಳು ಗಂಟೆ ಓಡುದಿಲ್ಲ, ಕರೆಂಟಿಗೆ ಹಾಕುವ ಡಮ್ಮಿ ಬ್ಯಾಟರಿ ಬಾಡಿಗೆಯವರ ಹತ್ತಿರ ಕೇಳಿ ತನ್ನಿ. ಹಳೇ ಮಾದರಿಯ ಫೋಟೋ ಕ್ಯಾಮೆರಾ ಕೆಲವು ಅರ್ಧ ಗಂಟೆಗೆ ರೆಕಾರ್ಡಿಂಗ್ ನಿಲ್ಲಿಸ್ತವೆ, ಕೆಲವು ಎಚ್‌ಡಿಎಂಐಯಲ್ಲಿ ಐಎಸ್‌ಒ, ಬ್ಯಾಟರಿ ಗುರುತು ಎಲ್ಲಾ ಸೇರಿಸಿ ಕಳಿಸ್ತವೆ, ಬಾಡಿಗೆ ಕೊಡುವ ಮೊದಲೇ ಟಿವಿಗೆ ಹಾಕಿ ನೋಡಿ. ರಾತ್ರಿ 10ರ ಮೇಲೆ ಗದ್ದೆಯಲ್ಲಿ ಮಂಜು ಬೀಳ್ತದೆ, ಕ್ಯಾಮೆರಾದ ಮೇಲೆ ಒಂದು ಬೈರಾಸು ಹೊದಿಸಿ, ಲೆನ್ಸ್ ಆಗಾಗ ನೋಡ್ತಾ ಇರಿ.

ಸೌಂಡು ಚಿತ್ರ ಒಟ್ಟಿಗೆ ಕೂರುವ ವಿಷಯ ಉಂಟಲ್ಲ, ಆಟದಲ್ಲಿ ಅದು ಬೇರೆ ಕಾರ್ಯಕ್ರಮಕ್ಕಿಂತ ಬೇಗ ಸಿಕ್ಕಿಬೀಳ್ತದೆ, ಚೆಂಡೆಯ ಕೋಲು ಬೀಳುದು ಒಂದು ಹೊತ್ತು, ಸ್ವರ ಇನ್ನೊಂದು ಹೊತ್ತು. ಮಿಕ್ಸರಿನ ಸ್ವರ ವಯರಲ್ಲಿ ತಕ್ಷಣ ಬಂದು ಮುಟ್ಟುತ್ತದೆ, ಚಿತ್ರ ಕ್ಯಾಮೆರಾ, ಸ್ವಿಚರ್ (ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಬದಲಾಯಿಸುವ ಪೆಟ್ಟಿಗೆ) ಎಲ್ಲಾ ದಾಟಿ ಬರುವಾಗ ಎರಡು-ಮೂರು ಫ್ರೇಮ್ ತಡ, ಒಂದು ಫ್ರೇಮ್ ಅಂದ್ರೆ 40 ಮಿಲಿಸೆಕೆಂಡ್. ಆದ್ದರಿಂದ ಸ್ವರವನ್ನ ಅಷ್ಟೇ ಹಿಂದೆ ಹಾಕ್ಬೇಕು, ಒಬಿಎಸ್‌ನಲ್ಲಿ ಸಿಂಕ್ ಆಫ್‌ಸೆಟ್ ಅಂತ ಉಂಟು. ಕೇಳಿ ಬಾರಿಸುವಾಗ ಚೆಂಡೆಯವರ ಕೈಗೆ ಝೂಮ್ ಮಾಡಿ ಸ್ವಲ್ಪ ರೆಕಾರ್ಡ್ ಮಾಡ್ಕೊಂಡು ನೋಡಿ, 80, 100, 120 ಅಂತ ಒಂದೊಂದೇ ಹಾಕಿ, ಕೋಲು ಸ್ವರ ಕೂಡಿದ ಜಾಗದಲ್ಲಿ ಬಿಡಿ.

ಮಹಿಷಾಸುರನ ಪ್ರವೇಶಕ್ಕೆ ಬೇರೆಯೇ ಪ್ಲಾನ್ ಬೇಕು, ಇಡೀ ಆಟದಲ್ಲಿ ಜನ ಕಾಯುದೇ ಅದಕ್ಕೆ. ಅವ ರಂಗಸ್ಥಳದ ಹಿಂದಿನಿಂದ ಬರುದಲ್ಲ, ಜನರ ಹಿಂದಿನಿಂದ, ನಡುವಿನ ದಾರಿಯಲ್ಲಿ, ದೊಂದಿ ಹಿಡ್ಕೊಂಡು, ರಾಳ ಹಾರಿಸ್ತಾ, ಅಬ್ಬರಿಸ್ತಾ ಬರ್ತಾನೆ. ಅಂದ್ರೆ ನಿಮ್ಮ ಕ್ಯಾಮೆರಾದ ಬೆನ್ನ ಹಿಂದಿನಿಂದ! ಯಾವ ದಾರಿಯಾಗಿ, ಎಷ್ಟು ಗಂಟೆಗೆ ಅಂತ ಮೇಳದವರ ಹತ್ತಿರ ಮಧ್ಯಾಹ್ನವೇ ಕೇಳಿ, ಆ ದಾರಿಯಲ್ಲಿ ಒಂದೇ ಒಂದು ವಯರ್ ಇರ್ಬಾರ್ದು, ನೆಲದಲ್ಲೂ ಬೇಡ ತಲೆ ಮೇಲೆಯೂ ಬೇಡ, ಬೆಂಕಿ ಉಂಟು, ಜನ ಎದ್ದು ನುಗ್ತಾರೆ. ಎರಡನೇ ಕ್ಯಾಮೆರಾದವ ಹತ್ತು ನಿಮಿಷ ಮೊದಲೇ ಟ್ರೈಪಾಡ್ ಹಿಂದಕ್ಕೆ ತಿರುಗಿಸಿ ತಯಾರಿರ್ಲಿ, ಆ ಹೊತ್ತಿಗೆ ಮೊದಲನೇ ಕ್ಯಾಮೆರಾ ರಂಗಸ್ಥಳ ಹಿಡ್ಕೊಂಡಿರ್ತದೆ, ಯಾವುದೂ ತಪ್ಪಿ ಹೋಗುದಿಲ್ಲ. ಲೈಟ್ ಆರಿಸ್ತಾರಾ ಅಂತ ಲೈಟಿನವರ ಹತ್ತಿರವೂ ಕೇಳಿ. ರಾಳ ಭಗ್ ಅಂತ ಹತ್ತುವಾಗ ಬೆಂಕಿ ಚಿತ್ರದಲ್ಲಿ ಬಿಳಿಯಾಗ್ತದೆ, ಆಗ್ಲಿ ಬಿಡಿ, ಅದನ್ನ ಸರಿ ಮಾಡ್ಲಿಕ್ಕೆ ಐಎಸ್‌ಒ ಇಳಿಸಿದ್ರೆ ಮುಂದಿನ ಕ್ಷಣಕ್ಕೆ ಮುಖವೇ ಇಲ್ಲ. ದೊಂದಿಯ ಕೆಂಪು ಬೆಳಕಲ್ಲಿ ಆ ಕೋಡು, ಆ ಮುಖ ಒಂದು ಕ್ಷಣ ಕಂಡು ಮತ್ತೆ ಕತ್ತಲೆಗೆ ಹೋಗ್ತದಲ್ಲ, ಹೊರಗೆ ಕೂತವರಿಗೆ ಅದೊಂದು ಸಿಕ್ಕಿದ್ರೆ ಸಾಕು. ಇದೇ ಹೊತ್ತಿಗೆ ಜನರ ಕಡೆಯ ಮೈಕ್ ಎರಡನ್ನೂ ಸ್ವಲ್ಪ ಏರಿಸಿ.

ಚಂಡ ಮುಂಡರು ಬರುವಾಗ ದೇವಿಗೆ ಉಯ್ಯಾಲೆ ಕಟ್ತಾರೆ. ತೂಗುವ ಮೈಕಿನ ವಯರಿಗೆ ಉಯ್ಯಾಲೆಯ ಹಗ್ಗ ತಾಗಿ ಡಬ್ ಡಬ್ ಅಂದದ್ದು ನಾನು ಕೇಳಿದ್ದೇನೆ, ಮೈಕ್ ಕಟ್ಟುವಾಗ್ಲೇ ಉಯ್ಯಾಲೆಯ ಜಾಗ ಕೇಳಿ ಕಟ್ಟಿಸಿ.

9 ಗಂಟೆ ಮೇಲೆ ನಿಂತು ನಿಂತು ಬಂದದ್ದಕ್ಕೆ ಕಾರಣ ಗದ್ದೆಯಲ್ಲಿ ಸೇರಿದ ಜನ. ಒಂದು ಟವರು, ಸಾವಿರ ಫೋನು, ಎಲ್ಲರೂ ಸ್ಟೇಟಸ್ ಹಾಕುವವರೇ. ಸಿಮ್ಮನ್ನ ನಂಬಿ ಕೂರ್ಬೇಡಿ, ಹತ್ತಿರದ ಯಾವ ಮನೆಗೆ ಅಥವಾ ಶಾಲೆಗೆ ಫೈಬರ್ ಬಂದಿದೆ ನೋಡಿ, ಅಲ್ಲಿಂದ ಈಥರ್‌ನೆಟ್ ವಯರ್ ಎಳೀರಿ, ನೂರು ಮೀಟರ್ ತನಕ ಆಗ್ತದೆ. ವೈಫೈ ಬೇಡ. ಅಪ್‌ಲೋಡ್ ಎಷ್ಟು ಉಂಟು ಅಂತ ರಾತ್ರಿ 9ಕ್ಕೆ ಟೆಸ್ಟ್ ಮಾಡಿ, ಬಂದದ್ದರ ಅರ್ಧಕ್ಕಿಂತ ಹೆಚ್ಚು ಉಪಯೋಗಿಸ್ಬೇಡಿ. 10 ಎಂಬಿಪಿಎಸ್ ಉಂಟಾದ್ರೆ 1080ಯನ್ನ ನಾಲ್ಕೂವರೆ-ಐದರಲ್ಲಿ ಕಳಿಸ್ಬಹುದು, ಅಷ್ಟಿಲ್ಲದಿದ್ರೆ 720ರಲ್ಲಿ ಎರಡೂವರೆ-ಮೂರು, ಬೇಜಾರು ಮಾಡ್ಕೊಳ್ಳುದು ಬೇಡ, ನಿಲ್ಲದೆ ಹೋಗುವ 720 ನಿಂತು ನಿಂತು ಹೋಗುವ 1080ಕ್ಕಿಂತ ಎಷ್ಟೋ ವಾಸಿ. ಒಬಿಎಸ್‌ನಲ್ಲಿ ಕೀಫ್ರೇಮ್ ಎರಡು ಸೆಕೆಂಡಿಗೆ ಇಡಿ. ಐದು ಎಂಬಿಪಿಎಸ್ ಅಂದ್ರೆ ಗಂಟೆಗೆ ಎರಡೂಕಾಲು ಜಿಬಿ, ಏಳು ಗಂಟೆಗೆ ಸುಮಾರು 16 ಜಿಬಿ. ಫೈಬರ್ ಕೈಕೊಟ್ರೆ ಬೇಕು ಅಂತ ಒಂದು ಸಿಮ್ ರೂಟರನ್ನ ಎತ್ತರದ ಜಾಗದಲ್ಲಿ ಕಟ್ಟಿಟ್ಟಿರಿ. ಯೂಟ್ಯೂಬಲ್ಲಿ ಲೇಟೆನ್ಸಿ ನಾರ್ಮಲ್ ಇರ್ಲಿ, ಇಪ್ಪತ್ತು ಮೂವತ್ತು ಸೆಕೆಂಡ್ ತಡ ಆದ್ರೆ ಯಾರಿಗೂ ನಷ್ಟ ಇಲ್ಲ.

ಮಂಡಲದ ಚಾನೆಲ್ ಹೊಸತಾದ್ರೆ ಈಗಲೇ ಲೈವ್ ಆನ್ ಮಾಡಿಸಿ, ಮೊದಲ ಸಲ ಆನ್ ಮಾಡ್ಲಿಕ್ಕೆ 24 ಗಂಟೆ ತನಕ ಕಾಯ್ಬೇಕಾಗ್ತದೆ. ಲಿಂಕ್ ಹಾಕುವಾಗ ದುಬೈಯ ಹೊತ್ತೂ ಬರೀರಿ, ಅವರು ನಮಗಿಂತ ಒಂದೂವರೆ ಗಂಟೆ ಹಿಂದೆ, ನಮ್ಮ 6 ಅವರಿಗೆ ನಾಲ್ಕೂವರೆ. ಮತ್ತೆ, ಆಟದ ಮೊದಲು ಮೈಕ್‌ನವರು ಸಿನೆಮಾ ಪದ್ಯ ಹಾಕ್ತಾರಲ್ಲ, ಆಗ ಲೈವಿನ ಸೌಂಡ್ ಪೂರ್ತಿ ಮುಚ್ಚಿಡಿ, ಕಾಪಿರೈಟ್ ಅಂತ ಯೂಟ್ಯೂಬ್ ಲೈವನ್ನೇ ನಿಲ್ಲಿಸ್ಬಹುದು. ಮೇಳದ ಯಜಮಾನರ, ಭಾಗವತರ ಒಪ್ಪಿಗೆ ಬಾಯಿಮಾತಲ್ಲಿ ಅಲ್ಲ, ಬರೆದು ತಗೊಳ್ಳಿ. ಚೌಕಿ ಪೂಜೆ ತೋರಿಸುದಾದ್ರೆ ಅದಕ್ಕೂ ಕೇಳಿ, ಪೂಜೆ ಆದ ಮೇಲೆ ಚೌಕಿಯಿಂದ ಕ್ಯಾಮೆರಾ ಹೊರಗೆ ಬರ್ಲಿ.

ಕರೆಂಟ್ ಹೋಗಿ ಜನರೇಟರ್ ಹಿಡೀಲಿಕ್ಕೆ ಹತ್ತು ಸೆಕೆಂಡ್ ಆಗ್ತದೆ, ಆ ಹತ್ತು ಸೆಕೆಂಡಲ್ಲಿ ರೂಟರ್ ಆರಿದ್ರೆ ಮತ್ತೆ ಎದ್ದು ಬರ್ಲಿಕ್ಕೆ ಎರಡು ಮೂರು ನಿಮಿಷ ಬೇಕು, ಅಷ್ಟು ಹೊತ್ತು ಲೈವ್ ಇಲ್ಲ. ರೂಟರ್, ಸ್ವಿಚರ್, ಸಣ್ಣ ಮಿಕ್ಸರ್ ಮೂರೂ ಒಂದು ಸಣ್ಣ ಯುಪಿಎಸ್ ಮೇಲೆ ಇರ್ಲಿ. ಫೈಬರಿನ ಬಾಕ್ಸ್ ಮನೆಯೊಳಗೆ ಇರ್ತದೆ, ಎಲ್ಲರೂ ಮರೆಯುದು ಅದನ್ನೇ, ಅಲ್ಲಿಗೆ ಬೇರೆ ಯುಪಿಎಸ್ ಇಡಿ.

ಜನ ನಾಲ್ಕು ಸಾಕು: ಎರಡನೇ ಕ್ಯಾಮೆರಾಕ್ಕೆ ಒಬ್ಬ, ಅವನಿಗೆ ಬದಲಿ ಒಬ್ಬ, ಸೌಂಡಿಗೆ ಒಬ್ಬ, ಸ್ವಿಚರಿಗೆ ಒಬ್ಬ. ನಾಲ್ಕೂ ಜನ ಊಟ ಸರದಿಯಲ್ಲಿ ಮಾಡ್ಲಿ, ಒಟ್ಟಿಗೆ ಎದ್ದು ಹೋಗುದು ಬೇಡ.

ಕೊನೆಗೆ ಶುಂಭನ ವಧೆ ಆದ ಕೂಡ್ಲೇ ಗದ್ದೆಯಲ್ಲಿ ಜನ ಏಳ್ತಾರೆ, ಕುರ್ಚಿ ಎತ್ತುವ ಗದ್ದಲ ಶುರುವಾಗ್ತದೆ, ನಿಮಗೂ ಲೈವ್ ನಿಲ್ಲಿಸುವ ಅಂತ ಅನ್ನಿಸ್ತದೆ. ನಿಲ್ಲಿಸ್ಬೇಡಿ. ಜನರ ಕಡೆಯ ಮೈಕ್ ಇಳಿಸಿ, ಎರಡನೇ ಕ್ಯಾಮೆರಾವನ್ನ ಭಾಗವತರ ಮುಖಕ್ಕೆ ತನ್ನಿ, ಮಂಗಳ ಪದ ಪೂರ್ತಿ ಹೋಗ್ಲಿ. ದೂರದಲ್ಲಿ ಕೂತ ಎಷ್ಟೋ ಮನೆಯಲ್ಲಿ ಆಗ ಕೈಮುಗಿದು ನಿಂತಿರ್ತಾರೆ. ಅದಾದ ಮೇಲೆ ಎರಡೂ ಕ್ಯಾಮೆರಾದ ಕಾರ್ಡನ್ನ ಲ್ಯಾಪ್‌ಟಾಪಿಗೆ ಹಾಕಿ ಕಾಪಿ ಆದದ್ದು ಕಣ್ಣಾರೆ ನೋಡಿ, ಆಮೇಲೆ ವಯರ್ ಸುತ್ತಿ.